ಉದ್ಯೋಗ: ಇಲ್ಲ

ಆ ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಅವನಿಗೆ ತಾನು ತಪ್ಪುಗಳನ್ನು ಬಹಳ ಚೆನ್ನಾಗಿ ಬರೆದಿದ್ದೇನೆ ಎನ್ನಿಸಿ, ಬಾಯಿ ತುಂಬ ನೊರೆ ಇಟ್ಟುಕೊಂಡೇ ಕನ್ನಡಿಗೆ ನಕ್ಕ. ಸರಿಯಾದದ್ದನ್ನು ಯಾರು ಬೇಕಾದರೂ ಬರೆಯುತ್ತಾರೆ. ಅವನು ಕಂಪ್ಯೂಟರಿಗೆ ಕಲಿಸಿದ್ದು ನೂರು ಕೀಲಿಗೆ ಆರು ತಪ್ಪು, ಆರೂ ಬೇರೆ ಬೇರೆ ಬಗೆಯವು. ಪಕ್ಕದ ಕೀಲಿ ತಗಲುವುದು, ಒಂದೇ ಕೀಲಿ ಎರಡು ಸಲ ಬೀಳುವುದು, ಮಧ್ಯಾಹ್ನದ ಊಟವಾದ ಮೇಲೆ ಎಡಗೈಯ ಕಿರುಬೆರಳು ಸೋಮಾರಿಯಾಗುವುದು. ಮೌಸಿನ ಬಾಣವಂತೂ ಅವನ ಹೆಮ್ಮೆ. ಅದು ಸೀದಾ ಗುಂಡಿಯ ಮೇಲೆ ಹೋಗಿ ಕೂರುತ್ತಿರಲಿಲ್ಲ. ಕೊಂಚ ಬಳಸಿ, ಗುಂಡಿಯನ್ನು ಕೂದಲೆಳೆಯಷ್ಟು ದಾಟಿ, ಅಯ್ಯೋ ದಾಟಿಬಿಟ್ಟೆನಲ್ಲ ಎಂಬಂತೆ ಹಿಂದಕ್ಕೆ ಬರುತ್ತಿತ್ತು. ಸೀದಾ ಹೋಗುವುದು ಯಂತ್ರ, ಬಳಸಿ ಹೋಗುವವನು ಮನುಷ್ಯ ಎಂದು ಅವನು ಕಂಪನಿಯ ಸಭೆಯಲ್ಲಿ ಹೇಳಿದಾಗ ಮ್ಯಾನೇಜರು ಅದನ್ನು ಡೈರಿಯಲ್ಲಿ ಬರೆದುಕೊಂಡಿದ್ದರು. ಅಂದಿನಿಂದ ಅವನಿಗೆ ಬಚ್ಚಲಿನಿಂದ ಅಡುಗೆಮನೆಗೆ ಹೋಗುವಾಗಲೂ ತಾನು ಎಷ್ಟು ಬಳಸಿದೆ ಎಂದು ಗಮನಿಸುವ ಚಟ ಹತ್ತಿತ್ತು. ಇವತ್ತು ಸೀದಾ ಹೋದ. ಹೆಂಡತಿ ಒಲೆಯಿಂದ ತಲೆಯೆತ್ತದೆ, "ಅತ್ತಿಗೆಗೆ ಹೇಳಿದ್ರಾ?" ಎಂದಳು. ಬಾಯಿ ಮುಕ್ಕಳಿಸುವ ನೆಪದಲ್ಲಿ ಅವನು ಮತ್ತೆ ಬಚ್ಚಲಿಗೆ ಹೋದ.

ಹೇಳಬೇಕಾದದ್ದು ಒಂದೇ ಮಾತು. ಆದರೆ ಆ ಒಂದು ಮಾತಿಗೆ ಮೊದಲು ಎಷ್ಟೋ ಮಾತು ಬೇಕಾಗುತ್ತದೆ ಎಂದು ಮೂರು ತಿಂಗಳಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅತ್ತಿಗೆ ಇಪ್ಪತ್ತೇಳು ವರ್ಷದಿಂದ ಜನನ ಮರಣ ನೋಂದಣಿ ಕಚೇರಿಯಲ್ಲಿ ಟೈಪಿಸ್ಟು. ಹಳೆಯ ಕೈಬರಹದ ರಿಜಿಸ್ಟರುಗಳನ್ನು ಒಂದೊಂದೇ ಸಾಲಾಗಿ ಕಂಪ್ಯೂಟರಿಗೆ ಹಾಕುವುದು ಅವಳ ಕೆಲಸ. ಆ ಕೆಲಸ ಕೈಯಿಂದಲೇ ಆಗಬೇಕೆಂದು ನಿಯಮವಿತ್ತು. ಬೇರೆಲ್ಲಿಂದಲೋ ನಕಲಿಸಿ ತಂದ ಅಕ್ಷರವನ್ನು ಕಚೇರಿಯ ತಂತ್ರಾಂಶ ಮೂಸಿಯೂ ನೋಡುತ್ತಿರಲಿಲ್ಲ. ಕೀಬೋರ್ಡಿನಿಂದ ಬಂದದ್ದನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಅವನ ಕಂಪನಿ ಕಂಡುಕೊಂಡ ದಾರಿ ಸರಳವಾದದ್ದು. ಕಂಪ್ಯೂಟರಿನ ತೀರ ತಳದಲ್ಲಿ, ಕೀಬೋರ್ಡು ಹೇಳಿದ್ದನ್ನು ಕೇಳಿಸಿಕೊಳ್ಳುವ ಜಾಗದಲ್ಲಿ, ಡ್ರೈವರ್ ಎಂಬ ಒಂದು ಸಣ್ಣ ತಂತ್ರಾಂಶವನ್ನು ಕೂರಿಸುವುದು. ನಾನೂ ಒಂದು ಕೀಬೋರ್ಡು, ಈಗ ಇಂಥ ಕೀಲಿ ಒತ್ತಿದರು ಎಂದು ಅದು ಹೇಳುತ್ತದೆ, ಮೇಲಿನವರೆಲ್ಲ ನಂಬುತ್ತಾರೆ, ಹಿತ್ತಲ ಬಾಗಿಲಿನಿಂದ ಒಳಗೆ ಬಂದವರನ್ನು ಮನೆಯವರೇ ಇರಬೇಕು ಅಂದುಕೊಳ್ಳುವ ಹಾಗೆ. ಅಂಥ ಡ್ರೈವರಿನ ಜೊತೆ ಮಾತಾಡುವ ಲೈಬ್ರರಿ, ಎಂದರೆ ಬೇರೆ ಯಾರೋ ಬರೆದಿಟ್ಟ ಕೋಡು, ಸಿದ್ಧವಾಗಿಯೇ ಸಿಕ್ಕಿತ್ತು. ಅವನು ಬರೆದದ್ದು ಅದರ ಮೇಲಿನ ಕೈಯನ್ನು. ಯಾಕೆಂದರೆ ಕಚೇರಿಯಲ್ಲಿ 'ಕೈ ಪರೀಕ್ಷೆ' ಎಂಬ ಇನ್ನೊಂದು ತಂತ್ರಾಂಶವಿತ್ತು. ಅದು ಪರದೆಯ ಮೂಲೆಯಲ್ಲಿ ಕೂತು, ಕೀಲಿಗಳು ಬೀಳುವ ಲಯ ನೋಡಿ, ಈ ಕೈ ನೂರಕ್ಕೆ ಎಷ್ಟು ಪಾಲು ಮನುಷ್ಯನದು ಎಂದು ಮುಳ್ಳು ತೋರಿಸುತ್ತಿತ್ತು. ಅರವತ್ತರ ಮೇಲೆ ಹಸಿರು, ಕೆಳಗೆ ಕೆಂಪು. ಮೋಸ ಹಿಡಿಯಲೆಂದು ಅದನ್ನು ತರಿಸಿದ ದೊಡ್ಡ ಸಾಹೇಬರೇ ಹೊಸ ಕೈಗೂ ಒಪ್ಪಿದ್ದರು. "ನಿಯಮದಲ್ಲಿ ಕೈ ಅಂತಿದೆ, ಯಾರ ಕೈ ಅಂತ ಎಲ್ಲಿದೆ? ನಿಯಮ ಬದಲಾಯಿಸೋಕೆ ಮೂರು ಸಮಿತಿ ಬೇಕು. ಕೈ ಬದಲಾಯಿಸೋಕೆ ನನ್ನ ಒಂದು ಸಹಿ ಸಾಕು." ಇವತ್ತು ಹನ್ನೊಂದು ಗಂಟೆಗೆ ಮುಳ್ಳು ಹಸಿರಿನಲ್ಲಿ ನಿಂತರೆ ಬರುವ ತಿಂಗಳಿಂದ ಆ ಕೋಣೆಯಲ್ಲಿ ಟೈಪಿಸ್ಟಿನ ಕುರ್ಚಿ ಇರುವುದಿಲ್ಲ. ಅತ್ತಿಗೆಗೆ ಹೇಳಬೇಕಾಗಿದ್ದದ್ದು ಇದು.

ಬಸ್ಸಿನಲ್ಲಿ ಅವನ ಮುಂದೆ ನಿಂತವನೊಬ್ಬ ಇಳಿಯುವ ಗುಂಡಿ ಒತ್ತಿ, ಒತ್ತಿತೋ ಇಲ್ಲವೋ ಎಂದು ಮತ್ತೊಮ್ಮೆ ಒತ್ತಿದ. ಎರಡು ಒತ್ತಿನ ನಡುವೆ ನೂರ ಎಂಬತ್ತು ಮಿಲಿಸೆಕೆಂಡು ಎಂದುಕೊಂಡ ಅವನು, ತನ್ನಷ್ಟಕ್ಕೆ. ಮಾದರಿಗೆ ಒಂದು ಒಳ್ಳೆ ಕೈ ಬೇಕಲ್ಲ ಎಂದು ಮ್ಯಾನೇಜರು ಕೇಳಿದಾಗ ಎಲ್ಲರಿಗಿಂತ ಮೊದಲು ಬಾಯಿಬಿಟ್ಟವನು ತಾನೇ. ನಮ್ಮ ಅತ್ತಿಗೆ ಇದ್ದಾರೆ ಸರ್, ಅದೇ ಆಫೀಸಲ್ಲಿ. ಹೇಳುವಾಗ ನಾಚಿಕೆಯಾಗಬೇಕಿದ್ದ ಕಡೆ ಹೆಮ್ಮೆಯಾಗಿತ್ತು, ಅದೇ ಈಗಲೂ ಕಾಡುವುದು. ಮ್ಯಾನೇಜರು ಯಾವುದಕ್ಕೂ ಹೇಳುವಂತೆ "ಆಗ್ಲಿ ಬಿಡಿ" ಎಂದಿದ್ದರು. ಆ ಭಾನುವಾರವೇ ಅಣ್ಣನ ಮನೆಗೆ ಹೋದ. ಅಣ್ಣ ಮುಂದಿನ ತಿಂಗಳು ವ್ಯಾಪಾರ ಶುರುಮಾಡುವವನು, ಹದಿನೆಂಟು ವರ್ಷದಿಂದಲೂ ಅದು ಮುಂದಿನ ತಿಂಗಳೇ. ಅತ್ತಿಗೆ ಕೆಳಗೆ ಕೂತು ತರಕಾರಿ ಹೆಚ್ಚುತ್ತಿದ್ದಳು. "ಅತ್ತಿಗೆ, ನಿಮಗೆ ಮಣಿಕಟ್ಟು ನೋವಲ್ವಾ, ಅದಕ್ಕೇನಾದ್ರೂ ಅನುಕೂಲ ಮಾಡೋಣ ಅಂತ. ಒಂದು ಹನ್ನೆರಡು ದಿನ ನೀವು ಟೈಪ್ ಮಾಡೋದನ್ನ ರೆಕಾರ್ಡ್ ಮಾಡ್ಕೋತೀನಿ" ಎಂದ. ಅವಳು ಚಾಕು ನಿಲ್ಲಿಸಿ, "ನನ್ನ ಕೈನೋವು ನಿಮ್ಮ ಕಂಪನಿಗೆ ಯಾಕಪ್ಪಾ ಬಂತು?" ಎಂದು ನಕ್ಕಳು. ಅಣ್ಣ ಪೇಪರಿನ ಹಿಂದಿನಿಂದ, "ಇವನಿದ್ದಾನಲ್ಲ, ನಮಗೇನು ಯೋಚನೆ" ಎಂದ. ಆ ಮಾತಿಗೆ ಏನಾದರೂ ಹೇಳಬಹುದಿತ್ತು. ಅವನು ಒಂದು ಕ್ಯಾರೆಟ್ ತುಂಡು ಬಾಯಿಗೆ ಹಾಕಿಕೊಂಡಿದ್ದ.

ಹನ್ನೆರಡು ದಿನ ಅವಳ ಪಕ್ಕದಲ್ಲಿ ಒಂದು ಕಬ್ಬಿಣದ ಮಡಿಚುವ ಕುರ್ಚಿ ಹಾಕಿಕೊಂಡು ಕೂತ. ಅವಳು ಬಂದೊಡನೆ ಉಂಗುರ ಬಿಚ್ಚಿ ಗುಂಡುಪಿನ್ನಿನ ಡಬ್ಬಿಯೊಳಗೆ ಹಾಕುತ್ತಿದ್ದಳು, ಬಲ ಮಣಿಕಟ್ಟಿಗೆ ಹಳೆ ಸೀರೆಯ ಅಂಚನ್ನು ಎರಡು ಸುತ್ತು ಸುತ್ತುತ್ತಿದ್ದಳು. ಸತ್ತವರ ಹೆಸರನ್ನು ತುಟಿಯಲ್ಲೇ ಓದಿಕೊಂಡು ಆಮೇಲೆ ಹೊಡೆಯುವುದು ಅವಳ ಅಭ್ಯಾಸ. ಮಧ್ಯಾಹ್ನ ಡಬ್ಬಿ ಬಿಚ್ಚಿ ಅರ್ಧ ಅವನಿಗೆ ಕೊಡುತ್ತಿದ್ದಳು. ಒಂದು ದಿನ ಅವನು ಉಪ್ಪು ಕಮ್ಮಿ ಎಂದೂ ಅಂದಿದ್ದ. ಅವಳ ತಪ್ಪುಗಳ ನಕ್ಷೆ ತೆಗೆದಾಗ ಒಂದು ವಿಚಿತ್ರ ಕಂಡಿತ್ತು. ಮೂರನೇ ಸಾಲಿನ ಅಕ್ಕಪಕ್ಕದ ಎರಡು ಕೀಲಿಗಳನ್ನು ಅವಳು ಒಂದರ ಬದಲು ಒಂದು ಒತ್ತುತ್ತಿದ್ದಳು, ಉಳಿದ ಯಾವ ಕೀಲಿಯಲ್ಲೂ ಆ ಗೊಂದಲವಿಲ್ಲ. ಎಷ್ಟು ಸಹಜ, ಎಂಥ ಒಳ್ಳೆ ತಪ್ಪು ಎಂದು ಅವನು ಕುಣಿದಾಡಿದ್ದ. ಆಮೇಲೆ ಕಿವಿ ಬಿಸಿಯಾಯಿತು. ಅಪ್ಪ ಅಮ್ಮ ಹೋದ ಮೇಲೆ ಅಣ್ಣನ ಮನೆ ಸೇರಿದಾಗ ಅವನಿಗೆ ಒಂಬತ್ತು ವರ್ಷ, ಅತ್ತಿಗೆ ಆ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಟೈಪಿಂಗ್ ಕಲಿಯಲು ಹೋಗುತ್ತಿದ್ದಳು. ಅಲ್ಲಿ ದಿನಕ್ಕೆ ಒಂದು ಗಂಟೆ ಮಾತ್ರ ಯಂತ್ರ ಸಿಗುತ್ತಿತ್ತು, ಮನೆಯಲ್ಲಿ ಯಂತ್ರವೆಲ್ಲಿಂದ ಬರಬೇಕು. ಅವನೇ ಚಪ್ಪಲಿ ಡಬ್ಬದ ಮುಚ್ಚಳದ ಮೇಲೆ ಸ್ಕೇಲಿಟ್ಟು ಕೀಲಿಗಳನ್ನು ಬರೆದುಕೊಟ್ಟಿದ್ದ. ಅವನು ತನ್ನ ಪಾಠದ ಪುಸ್ತಕ ಓದಿ ಹೇಳುವುದು, ಅವಳು ರಟ್ಟಿನ ಮೇಲೆ ಸದ್ದಿಲ್ಲದೆ ಹೊಡೆಯುವುದು. ಬರೆಯುವಾಗ ಎರಡು ಕೀಲಿ ಅದಲುಬದಲಾಗಿತ್ತು. ಪರೀಕ್ಷೆಯಲ್ಲಿ ಅವಳು ಹೇಗೋ ದಡ ಮುಟ್ಟಿದಳು. ಮೇಷ್ಟ್ರು ಬೈದದ್ದನ್ನು ಹೇಳಿಕೊಂಡು ನಗುತ್ತಿದ್ದಳು, ಯಾಕೆ ಬೈದರು ಎಂದು ಮಾತ್ರ ಹೇಳಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಆ ತಪ್ಪನ್ನು ಅವನು ಹೊಸ ಕೈಯೊಳಗೆ ನೀಟಾಗಿ ಸೇರಿಸಿ, ಕೆಲಸ ಮುಗಿಯಿತೆಂದು ಮ್ಯಾನೇಜರಿಗೆ ತಿಳಿಸಿದ.

ಒಂಬತ್ತೂವರೆಗೆ ನೋಂದಣಿ ಕಚೇರಿ ತಲುಪಿದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಗೆ ದೊಡ್ಡ ಪರದೆ ತೂಗುಹಾಕಿದ್ದರು. ಎಲ್ಲ ಜೋಡಿಸಿಯಾದ ಮೇಲೂ ಒಂದು ಗಂಟೆ ಉಳಿದಿತ್ತು, ಖಾಲಿ ಒಂದು ಗಂಟೆಯನ್ನು ಹೇಗೆ ಕಳೆಯಬೇಕೆಂದು ಅವನಿಗೆ ಯಾವತ್ತೂ ತಿಳಿದಿಲ್ಲ. ಒಂದು ವಿಷಯ ಮಾತ್ರ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಉಳಿದುಕೊಂಡಿತ್ತು. ಅತ್ತಿಗೆ ಕೆಲವೊಮ್ಮೆ ಇಪ್ಪತ್ತು ಮೂವತ್ತು ಕೀಲಿ ಒತ್ತಿ, ಅಷ್ಟನ್ನೂ ಬ್ಯಾಕ್‌ಸ್ಪೇಸ್ ಒತ್ತಿ ಅಳಿಸುತ್ತಿದ್ದಳು. ಅವನು ಅದಕ್ಕೆ 'ದೀರ್ಘ ತಪ್ಪು' ಎಂದು ಹೆಸರಿಟ್ಟು, ಅಷ್ಟೇ ಉದ್ದದ ಅಡ್ಡಾದಿಡ್ಡಿ ಅಕ್ಷರ ಹೊಡೆದು ಅಳಿಸುವುದನ್ನು ಹೊಸ ಕೈಗೆ ಕಲಿಸಿದ್ದ. ಅವಳು ಏನನ್ನು ಒತ್ತುತ್ತಿದ್ದಳೆಂದು ಅವನು ನೋಡಿರಲಿಲ್ಲ. ರೆಕಾರ್ಡಿನಲ್ಲಿ ಅಕ್ಷರ ಇರುವುದಿಲ್ಲ, ಕೀಲಿಯ ಸಂಖ್ಯೆ ಇರುತ್ತದೆ. ಅವನಿಗೆ ಬೇಕಾಗಿದ್ದದ್ದು ಎರಡು ಕೀಲಿಗಳ ನಡುವಿನ ಹೊತ್ತು ಮಾತ್ರ. ಪಕ್ಕದಲ್ಲಿ ಕೂತಿದ್ದನಲ್ಲ ಎಂದರೆ, ಕೂತಿದ್ದ, ತನ್ನ ಮಡಿಲಿನ ಲ್ಯಾಪ್‌ಟಾಪಿನ ಗೆರೆ ನೋಡುತ್ತ. ಇಪ್ಪತ್ತೇಳು ವರ್ಷ ಪಳಗಿದ ಹೆಂಗಸು ಒಮ್ಮೆಗೇ ಮೂವತ್ತು ಅಕ್ಷರ ತಪ್ಪುವುದು ಹೇಗೆ ಎಂದು ಈಗ ಸುಮ್ಮನೆ ಕುತೂಹಲವಾಗಿ, ಮೂಲ ರೆಕಾರ್ಡು ತೆರೆದು ಸಂಖ್ಯೆಗಳನ್ನು ಅಕ್ಷರ ಮಾಡಿದ.

ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಮಕ್ಕಳು, ಉದ್ಯೋಗ ಎಂದು ಕಾಲಂಗಳಿದ್ದವು. ಸತ್ತ ಹೆಂಗಸರ ಉದ್ಯೋಗದ ಕಾಲಮ್ಮಿನಲ್ಲಿ ಹಳೆಯ ಗುಮಾಸ್ತರು ಕಣ್ಣುಮುಚ್ಚಿ 'ಇಲ್ಲ' ಎಂದು ಬರೆದಿದ್ದರು. ವಯಸ್ಸು ಅರವತ್ತೆರಡು, ಮಕ್ಕಳು ಎಂಟು, ಉದ್ಯೋಗ: 'ಎಂಟು ಹೆರಿಗೆ, ಉಳಿದ ಹೊತ್ತು ಒಲೆ'. ಅದಷ್ಟೂ ಅಳಿಸಿ, 'ಇಲ್ಲ'. ಎಂಟರ್. ವಯಸ್ಸು ಹತ್ತೊಂಬತ್ತು: 'ಇನ್ನೂ ಶುರುವಾಗಿರಲಿಲ್ಲ'. ಅಳಿಸಿ, 'ಇಲ್ಲ'. ವಯಸ್ಸು ಎಪ್ಪತ್ತೊಂದು, ಮಕ್ಕಳು ಇಲ್ಲ: 'ಬೀದಿಯ ಮಕ್ಕಳಿಗೆಲ್ಲ ಇವಳೇ ಬಟ್ಟೆ ಹೊಲಿದಿರಬೇಕು'. ಅಳಿಸಿ, 'ಇಲ್ಲ'. ಇನ್ನೊಬ್ಬಳಿಗೆ, 'ಗಂಡ ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದು'. ಗಂಡಸರ ಸಾಲಿನಲ್ಲಿ ಅವಳು ಕೈ ಆಡಿಸುತ್ತಿರಲಿಲ್ಲ. ಒಬ್ಬನಿಗೆ ಮಾತ್ರ 'ವ್ಯಾಪಾರ, ಮುಂದಿನ ತಿಂಗಳಿಂದ' ಎಂದು ಹೊಡೆದು, ಮುಂದಿನ ತಿಂಗಳನ್ನು ಅಳಿಸಿದ್ದಳು. ಅವನಿಗೆ ನಗು ಬಂತು, ನಗು ಅರ್ಧಕ್ಕೆ ನಿಂತಿತು. ಇಪ್ಪತ್ತೇಳು ವರ್ಷ ಪರದೆಯ ಮೇಲೆ ಎರಡು ಗಳಿಗೆ ಇದ್ದು ಹೋದ ಈ ಮಾತುಗಳನ್ನು ಯಾರೂ ಓದಿರಲಿಲ್ಲ, ತಾನೊಬ್ಬ ಓದಬಹುದಿತ್ತು. ತಾನು ಅವನ್ನು ಅಳೆದು, ಸರಾಸರಿ ತೆಗೆದು, ಬಡಬಡಿಕೆ ಮಾಡಿ ಯಂತ್ರದ ಬಾಯಿಗೆ ಹಾಕಿದ್ದ. ಹನ್ನೆರಡನೇ ದಿನದವರೆಗೂ ಹೀಗೇ ಇದೆಯೇ ನೋಡೋಣ ಎಂದು ಕೊನೆಯ ದಿನದ ಕೊನೆಯ ಹತ್ತು ನಿಮಿಷಕ್ಕೆ ಹಾರಿದ. 'ಇವನು ಇವತ್ತೂ' ಎಂಬಲ್ಲಿಗೆ ಕಣ್ಣು ಬಂದಿತ್ತು. ಬಾಗಿಲಲ್ಲಿ ಮ್ಯಾನೇಜರು ಚಪ್ಪಾಳೆ ತಟ್ಟಿ, "ಬನ್ನಿ ಬನ್ನಿ, ಸಾಹೇಬ್ರು ಬಂದ್ರು" ಎಂದರು. ಅವನು ಕಳ್ಳತನ ಮಾಡುತ್ತಿದ್ದವನಂತೆ ಪರದೆಯ ಮೇಲಿನ ಕಿಟಕಿ ಮುಚ್ಚಿದ. ಅವನು ಬರೆದ ತಂತ್ರಾಂಶಕ್ಕೆ ಒಂದು ಒಳ್ಳೆಯ ಗುಣವಿತ್ತು. ಕೊನೆಯಲ್ಲಿ ಯಾವ ಕಡತ ತೆರೆದಿತ್ತೋ, ಯಾವ ಸಾಲಿಗೆ ಕಣ್ಣು ನಿಂತಿತ್ತೋ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಅಲ್ಲಿಂದಲೇ ಶುರುಮಾಡುತ್ತಿತ್ತು. ಬರೆದಾಗ ಆ ಸೌಲಭ್ಯಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದ. ಈ ಹೊತ್ತಿನಲ್ಲಿ ಅದು ಅವನ ತಲೆಯಲ್ಲೇ ಇರಲಿಲ್ಲ.

ದೊಡ್ಡ ಸಾಹೇಬರು ಕೂತು, ಕಾಲ ಮೇಲೆ ಕಾಲು ಹಾಕಿ, ಆಮೇಲೆ ಅದು ಸರಿಬರದೆ ಇಳಿಸಿ, ಹಿಂದೆಯೇ ಬಂದು ನಿಂತಿದ್ದ ಅತ್ತಿಗೆಯನ್ನು ತೋರಿಸಿ, "ಮೊದಲು ಇವರ ಕೈ ನೋಡೋಣ. ಅಸಲಿ ಎಷ್ಟು ಬರುತ್ತೆ ಗೊತ್ತಾದ್ರೆ ನಕಲಿಗೆ ಒಂದು ಅಳತೆ ಸಿಗುತ್ತೆ" ಎಂದರು. ಪ್ರಯೋಗಕ್ಕೆಂದು ರಿಜಿಸ್ಟರಿನ ಬೇರೆ ಪ್ರತಿ ಮಾಡಿಟ್ಟಿದ್ದರು. ಅತ್ತಿಗೆ ಉಂಗುರ ಬಿಚ್ಚಿ ಡಬ್ಬಿಗೆ ಹಾಕಿ, ಮಣಿಕಟ್ಟಿಗೆ ಬಟ್ಟೆ ಸುತ್ತಿ ಕೂತಳು. ಅವನನ್ನು ನೋಡಿ, ಮಾಮೂಲಿನಂತೆ, "ತಿಂಡಿ ಆಯ್ತಾ?" ಎಂದಳು. ಹತ್ತು ಜನ ಸತ್ತವರನ್ನು ಹೊಡೆದಳು. ಒಂದು ತಪ್ಪಿಲ್ಲ, ಒಂದು ಬ್ಯಾಕ್‌ಸ್ಪೇಸಿಲ್ಲ. ಉದ್ಯೋಗದ ಮುಂದೆ 'ಇಲ್ಲ' ಎಂದು ಸೀದಾ ಹೊಡೆದು ಮುಂದೆ ಹೋದಳು. ಆ ಎರಡು ಕೀಲಿಗಳನ್ನು ಕೂಡ ಕಣ್ಣಿಟ್ಟು ಒತ್ತಿದಳು. ಮುಳ್ಳು ಕೆಳಗಿಳಿಯುತ್ತ ಹೋಗಿ ನಲವತ್ತೊಂದಕ್ಕೆ ನಿಂತಿತು. ಕೆಂಪು ಅಕ್ಷರ ಬಂತು: ಈ ಕೈ ಮನುಷ್ಯನದಲ್ಲ. ಸಾಹೇಬರು ಹೊಟ್ಟೆ ಕುಲುಕುವಂತೆ ನಕ್ಕು, "ಇಪ್ಪತ್ತೇಳು ವರ್ಷ ಒಂದು ಯಂತ್ರಕ್ಕೆ ಸಂಬಳ ಕೊಟ್ವಲ್ರೀ" ಎಂದರು. ಮ್ಯಾನೇಜರೂ ನಕ್ಕರು. ಅತ್ತಿಗೆ ಎದ್ದು ಸೆರಗು ಸರಿಮಾಡಿಕೊಂಡು, "ಯಾರಾದ್ರೂ ನೋಡ್ತಿದ್ರೆ ಹುಷಾರಾಗಿ ಹೊಡೀತೀನಿ ಸರ್" ಎಂದಳು. ಅವಳ ಕತ್ತು ಕೆಂಪಾಗಿತ್ತು. ಇವರ ಕೈ ಹೀಗಲ್ಲ, ಇವರ ಕೈ ಹೇಗೆಂದು ನಾನೀಗ ತಾನೇ ಓದಿದೆ ಎಂದು ಹೇಳಲು ಅವನಿಗೆ ಸರಿಯಾಗಿ ಒಂದು ನಿಮಿಷ ಸಿಕ್ಕಿತ್ತು. ಆ ನಿಮಿಷದಲ್ಲಿ ಅವನು ವೈರೊಂದನ್ನು ಬಿಚ್ಚಿ ಮತ್ತೆ ಅಲ್ಲಿಗೇ ಸಿಕ್ಕಿಸಿದ.

ಇನ್ನು ಅವನ ಸರದಿ. ಅವನು ತಂತ್ರಾಂಶ ಶುರುಮಾಡುತ್ತಲೇ, ಮೋಸವಿಲ್ಲವೆಂದು ತೋರಿಸಲು ಸಾಹೇಬರು ತಾವೇ ಕೀಬೋರ್ಡನ್ನು ಕಿತ್ತು, ಮಗುವನ್ನು ಎತ್ತಿಕೊಂಡಂತೆ ಮಡಿಲಲ್ಲಿ ಇಟ್ಟುಕೊಂಡರು. ವೈರು ಅವರ ಮೊಣಕಾಲಿನಿಂದ ಜೋತುಬಿದ್ದಿತ್ತು. ಪರದೆಯ ಮೇಲೆ ಯಾರೂ ಒತ್ತದ ಅಕ್ಷರಗಳು ಮೂಡತೊಡಗಿದವು. ಹೆಸರು. ವಯಸ್ಸು ಐವತ್ತನಾಲ್ಕು. ಉದ್ಯೋಗ: 'ಇವನು ಇವತ್ತೂ ಹೇಳಲಿಲ್ಲ'. ಬೆಳಗ್ಗೆ ತೆರೆದಿದ್ದ ಕಡತದಿಂದಲೇ ಅದು ಶುರುಮಾಡಿತ್ತು. ಇದು ಹೊಸ ಕೈಯಲ್ಲ, ಅವಳದೇ ಕೈ, ಅವಳದೇ ಮೂಲ ರೆಕಾರ್ಡು. ನಿಲ್ಲಿಸಲು ಎಸ್ಕೇಪ್ ಕೀಲಿ ಒತ್ತಬೇಕಿತ್ತು, ಎಸ್ಕೇಪ್ ಕೀಲಿ ಸಾಹೇಬರ ಹೊಟ್ಟೆಗೆ ಆನಿಕೊಂಡು ಮಲಗಿತ್ತು. ಮೌಸು ಡ್ರೈವರಿನ ವಶದಲ್ಲಿತ್ತು. ಗೋಡೆಯ ಪ್ಲಗ್ಗು ಮೂರು ಹೆಜ್ಜೆ ದೂರ, ಆದರೆ ಮೂರು ಹೆಜ್ಜೆ ಇಡಲು ಒಂದು ಕಾರಣ ಹೇಳಬೇಕಿತ್ತು. ಅಕ್ಷರಗಳು ಬಲತುದಿಯಿಂದ ಒಂದೊಂದಾಗಿ ಮಾಯವಾದವು, 'ಇಲ್ಲ' ಬಂತು, ಎಂಟರ್. ಇನ್ನೊಬ್ಬಳು ಸತ್ತವಳು, ಉದ್ಯೋಗ: 'ಕುರ್ಚಿ ಹೋಗುತ್ತೆ ಅಂತ ನನಗೆ ಗೊತ್ತು'. ಅಳಿಸಿತು. ನಡುವೆ ಇಬ್ಬರು ಗಂಡಸರು, ಒಬ್ಬ ಗಾರೆ ಕೆಲಸ, ಒಬ್ಬ ಮಾಸ್ತರು. ಆಮೇಲೆ, 'ಉಪ್ಪು ಕಮ್ಮಿ ಅಂದ, ಡಬ್ಬಿ ಖಾಲಿ ಮಾಡಿದ'. ಅಳಿಸಿತು. 'ಅವನ ಬಾಯಿಂದಲೇ ಬರಲಿ ಅಂತ ಕಾಯ್ತಿದೀನಿ', ಇದರ ಮುಂದೆ ನಾಲ್ಕು ಸೆಕೆಂಡು ಕರ್ಸರು ಮಿನುಗುತ್ತ ನಿಂತಿತು. ಅದು ಅವನಿಗೆ ಚೆನ್ನಾಗಿ ಗೊತ್ತಿದ್ದ ನಾಲ್ಕು ಸೆಕೆಂಡು, ನಕ್ಷೆಯಲ್ಲಿ ಅದಕ್ಕೆ 'ದಣಿವು' ಎಂದು ಬರೆದಿದ್ದ.

ಸಾಹೇಬರ ಕಣ್ಣು, ಮ್ಯಾನೇಜರ ಕಣ್ಣು ಮೂಲೆಯ ಮುಳ್ಳಿನ ಮೇಲಿತ್ತು. ಗೋಡೆಯಷ್ಟು ದೊಡ್ಡ ಪರದೆಯಲ್ಲಿ ಅವರು ನೋಡುತ್ತಿದ್ದದ್ದು ಅಂಗೈಯಗಲದ ಜಾಗ. ಎಂಬತ್ತೆಂಟು, ತೊಂಬತ್ತೊಂದು, ತೊಂಬತ್ತೇಳು. "ಅಬ್ಬ, ಎಷ್ಟು ಚೆನ್ನಾಗಿ ತಪ್ಪು ಮಾಡುತ್ತೆ ನೋಡ್ರೀ. ಥೇಟ್ ಮನುಷ್ಯರ ಹಾಗೆ" ಎಂದು ಸಾಹೇಬರು ತೊಡೆ ತಟ್ಟಿದರು, ತೊಡೆಯ ಮೇಲಿದ್ದ ಕೀಬೋರ್ಡು ಕಟಕಟ ಎಂದಿತು. ಆ ಮಾತುಗಳನ್ನು ಓದುತ್ತಿದ್ದವರು ಇಬ್ಬರೇ. ಅವನು ಅತ್ತಿಗೆಯ ಕಡೆ ನೋಡಲಾರದೆ ಅವಳ ಕೈಗಳನ್ನು ನೋಡಿದ. ಮಡಿಲಲ್ಲಿದ್ದ ಬೆರಳುಗಳು ಪರದೆಯ ಜೊತೆಜೊತೆಗೇ, ರಟ್ಟಿನ ಮೇಲೆ ಹೊಡೆಯುವಂತೆ, ಸದ್ದಿಲ್ಲದ ಹಾಗೆ ಅಲುಗುತ್ತಿದ್ದವು. ಅವನಿಗೆ ಎದ್ದು ಓಡಿಹೋಗಬೇಕೆನ್ನಿಸಿತು, ಅವಳ ಕಾಲು ಹಿಡಿಯಬೇಕೆನ್ನಿಸಿತು, ಮತ್ತು ಅದೇ ಉಸಿರಿನಲ್ಲಿ, ತೊಂಬತ್ತೇಳು ಬಂತಲ್ಲ ಎಂದು ಖುಷಿಯೂ ಆಯಿತು. ಆ ಖುಷಿಗೆ ಅವನು ತನ್ನನ್ನು ಯಾವತ್ತೂ ಕ್ಷಮಿಸಲಾರ.

ಕೊನೆಯ ಸಾಲಿಗೆ ಬಂದು ತಂತ್ರಾಂಶ ನಿಂತಿತು. ಹನ್ನೆರಡನೇ ದಿನ ಸಂಜೆ ಐದಕ್ಕೆ, ಸಾಕು ಅತ್ತಿಗೆ, ಮುಗೀತು ಎಂದು ಅವನು ರೆಕಾರ್ಡು ನಿಲ್ಲಿಸಿದಾಗ ಅವಳು ಹೊಡೆಯುತ್ತಲೇ ಇದ್ದಳು. ಅಳಿಸಿದ್ದು ಆಮೇಲಿರಬೇಕು. ಹಾಗಾಗಿ ಪರದೆಯಲ್ಲಿ ಅದು ಅಳಿಸದೆ ಉಳಿಯಿತು. ವಯಸ್ಸು ಐವತ್ತೊಂದು, ಮಕ್ಕಳು ಇಲ್ಲ, ಉದ್ಯೋಗ: 'ಮೈದುನನನ್ನು ಓದಿಸಿದ್ದು'. ಸಾಹೇಬರು ವರದಿಗೆ ಫೋಟೋ ತೆಗೆಯಲು ಮೊಬೈಲ್ ಎತ್ತಿ, "ಅದೇನೋ ಅರ್ಧಕ್ಕೆ ನಿಂತಿದೆ, ಅಳಿಸಿ ಸರಿ ಮಾಡ್ರಿ. ಫೋಟೋ ನೀಟಾಗಿರ್ಲಿ" ಎಂದು ಕೀಬೋರ್ಡನ್ನು ಸಿಕ್ಕಿಸಿ ಅವನ ಮುಂದೆ ಇಟ್ಟರು. ಕೀಬೋರ್ಡು ಅವರ ಮಡಿಲಿನ ಬಿಸಿ ಹಿಡಿದಿತ್ತು. ಅತ್ತಿಗೆ ಅವನನ್ನೇ ನೋಡುತ್ತಿದ್ದಳು. ಬೈಯುವ ನೋಟವಲ್ಲ, ಪಾಠ ಒಪ್ಪಿಸುತ್ತಾನೋ ಇಲ್ಲವೋ ಎಂದು ಕಾಯುತ್ತಿದ್ದಾಗಿನ ಹಳೆಯ ನೋಟ. ಅವನು ಬ್ಯಾಕ್‌ಸ್ಪೇಸ್ ಒತ್ತಿದ. ಒಂದು ಅಕ್ಷರ, ಇನ್ನೊಂದು, ಮತ್ತೊಂದು. ಎಲ್ಲೂ ತಡೆಯಲಿಲ್ಲ, ಎಲ್ಲೂ ಅವಸರವಾಗಲಿಲ್ಲ, ಒಂದೇ ಸಮನೆ ಒತ್ತಿದ. ಒಂದೊಂದು ಒತ್ತಿಗೂ ಮುಳ್ಳು ಜಾರಿತು, ಎಂಬತ್ತು, ಐವತ್ತಾರು, ಮೂವತ್ತು. ಜಾಗ ಖಾಲಿಯಾದಾಗ ಅವನ ಬೆರಳು ನಿಂತಿತು, ಮುಂದೇನು ಹೊಡೆಯಬೇಕೆಂದು ತಿಳಿಯದೆ. ಅತ್ತಿಗೆ ಹೇಳಿದಳು, "ಇಲ್ಲ ಅಂತ ಹಾಕು. ರಿಜಿಸ್ಟರಲ್ಲಿ ಹಾಗೇ ಇರೋದು." ಅವನು ಹಾಕಿದ. ಎಂಟರ್ ಒತ್ತಿದ.

"ಇವರದ್ಯಾಕ್ರೀ ಹನ್ನೊಂದು?" ಎಂದರು ಸಾಹೇಬರು. ಕೆಂಪು ಅಕ್ಷರ ಮತ್ತೆ ಬಂದಿತ್ತು: ಈ ಕೈ ಮನುಷ್ಯನದಲ್ಲ. "ಆಗ್ಲಿ ಬಿಡಿ ಸರ್, ಇವರದು ಲೆಕ್ಕಕ್ಕಿಲ್ಲ" ಎಂದರು ಮ್ಯಾನೇಜರು. ಮುಳ್ಳು ಮತ್ತೆ ತೊಂಬತ್ತೇಳಕ್ಕೆ ಹೋಗುವವರೆಗೆ ಯಂತ್ರವನ್ನು ಇನ್ನೊಮ್ಮೆ ಓಡಿಸಿ, ಆ ಹೊತ್ತಿಗೆ ಸರಿಯಾಗಿ ಫೋಟೋ ತೆಗೆದುಕೊಂಡು, ಒಬ್ಬರಿಗೊಬ್ಬರು ಕೈ ಕುಲುಕಿ ಅವರು ಹೊರಟರು. ಎರಡನೇ ಸಲ ಓಡಿದ್ದು ಹೊಸ ಕೈ. ಅದು ಯಾವ ಅರ್ಥವೂ ಇಲ್ಲದ ಅಕ್ಷರಗಳನ್ನು ಹೊಡೆದು, ಬೇಸರವಿಲ್ಲದೆ ಅಳಿಸುತ್ತ ಹೋಯಿತು.

ಅತ್ತಿಗೆ ಮಣಿಕಟ್ಟಿನ ಬಟ್ಟೆ ಬಿಚ್ಚಿ ಮಡಿಸಿದಳು. ಗುಂಡುಪಿನ್ನಿನ ಡಬ್ಬಿಯಿಂದ ಉಂಗುರ ಹುಡುಕಿ ಬೆರಳಿಗೆ ಹಾಕಿಕೊಂಡಳು, ಡಬ್ಬಿಯನ್ನು ಮೇಜಿನ ಮೇಲೆ ಬಿಡದೆ ಕೈಚೀಲಕ್ಕೆ ಹಾಕಿಕೊಂಡಳು. ಆಮೇಲೆ ಮಡಿಚುವ ಕುರ್ಚಿಯನ್ನು ಬಿಡಿಸಿ ತನ್ನ ಕುರ್ಚಿಯ ಪಕ್ಕ ಹಾಕಿದಳು. "ಕೂತ್ಕೋ. ಇಬ್ಬರಿಗೆ ಆಗೋಷ್ಟು ತಂದಿದೀನಿ. ಇವತ್ತು ಉಪ್ಪು ಸರಿಯಾಗಿದೆ."

ಅವನು ಕೂತ. ಹೇಳಬೇಕಾದ ಮಾತಿಗೆ ಈಗ ಮೊದಲಿನ ಯಾವ ಮಾತೂ ಬೇಕಾಗಿರಲಿಲ್ಲ, ಅದು ನಾಲಿಗೆಯ ತುದಿಗೇ ಬಂದಿತ್ತು. ಉಪ್ಪು ನಿಜವಾಗಿಯೂ ಸರಿಯಾಗಿತ್ತು. ಡಬ್ಬಿ ಖಾಲಿಯಾಗುವವರೆಗೂ ಅವನು ಏನೂ ಹೇಳಲಿಲ್ಲ.